ಅತ್ತೆಯ ಶಿವದಾರ

ಹೊಸ ಶಿವದಾರ ತಂದುಕೊಡು ಎಂದು ಶರಣಬಸಮ್ಮ ಸೊಸೆಗೆ ಹೇಳಿದ್ದು ಯುಗಾದಿಗೂ ಮುಂಚೆ. ಮೇ ತಿಂಗಳು ಬಂದು, ಕುಷಾಯಿಗೂಡದ ಡಾಂಬರು ಚಪ್ಪಲಿಗೆ ಮೆತ್ತಿಕೊಳ್ಳುವ ಕಾಲವಾದರೂ ದಾರ ಬರಲಿಲ್ಲ. ಗುಣವತಿಗೆ ಮರೆವಿನ ರೋಗವಿತ್ತು ಅಂತಲ್ಲ. ಹಿಮಾಯತ್‌ನಗರದಲ್ಲಿ ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕುತ್ತ ಅರ್ಧ ದಿನ ತಿರುಗಿದ್ದಳು. ಗಂಡನಿಗೆ ಈಜುವ ಚಡ್ಡಿ, ಮಕ್ಕಳಿಗೆ ಗಾಳಿ ತುಂಬುವ ಟ್ಯೂಬು, ಎಲ್ಲ ತಂದಿದ್ದಳು. ದಾರ ಸಿಗುವ ಅಂಗಡಿ ಪಕ್ಕದ ಗಲ್ಲಿಯಲ್ಲೇ ಇತ್ತು. ಬಿಸಿಲು ಹೆಚ್ಚು, ಬಸ್ಸು ಬರುವ ಹೊತ್ತು, ನಾಳೆ ನೋಡೋಣ ಎಂದು ಹಾಗೇ ತಿರುಗಿ ಬಂದಳು.

ಶಿವದಾರವೆಂದರೆ ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯನ್ನು ಹಿಡಿದಿಡುವ ದಾರ. ಹುಟ್ಟಿದಾಗ ಗುರು ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಮೈಮೇಲೇ ಇರಬೇಕು. ಶರಣಬಸಮ್ಮ ಅದನ್ನು ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ ನೋಡುತ್ತ ಕೂತರೆ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಕೇಳುತ್ತಿರಲಿಲ್ಲ. ಗುಣವತಿಯದು ಬೇರೆ ದಾರಿ. ಅವಳ ಲಿಂಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇರುತ್ತಿತ್ತು. ಅತ್ತೆ ರಾಯಚೂರು ಕಡೆಯ ಊರಿಂದ ಬಂದು ಇಲ್ಲೇ ನೆಲೆಸಿದ ಮೇಲೆ ಹೊರಗೆ ತೆಗೆದು ಕೊರಳಿಗೆ ಹಾಕಿಕೊಂಡಿದ್ದಳು. ಹಾಕಿಕೊಂಡಿದ್ದಳು, ಅಷ್ಟೇ. ಕರಡಿಗೆಯ ಮುಚ್ಚಳ ತೆಗೆದು ಎಷ್ಟು ವರ್ಷವಾಗಿತ್ತೋ ಆ ಶಿವನಿಗೇ ಗೊತ್ತು. ಒಳಗೆ ಕತ್ತಲಲ್ಲಿ ಕೂತವನು ಅವನೇ ತಾನೆ.

ಕರಡಿಗೆಗಳು ಮಾತ್ರ ನೋಡಲು ಒಂದೇ. ಮಗನ ಮದುವೆಯಲ್ಲಿ ಶರಣಬಸಮ್ಮ ಊರ ಅಕ್ಕಸಾಲಿಗನನ್ನು ಕೂರಿಸಿಕೊಂಡು, ತನ್ನದರ ಹಾಗೇ ಇನ್ನೊಂದು ಬೆಳ್ಳಿ ಕರಡಿಗೆ ಮಾಡಿಸಿ ಸೊಸೆಗೆ ಕೊಟ್ಟಿದ್ದಳು. ಅತ್ತೆಯದು ಸವೆದು ಮಂಕಾಗಿತ್ತು, ಸೊಸೆಯದು ಇನ್ನೂ ಹೊಳೆಯುತ್ತಿತ್ತು.

ಬೇಸಿಗೆ ಬಂತೆಂದರೆ ಮನೆಯ ಗಂಡಸರು ದುಡಿಯುವ ಕಾರ್ಖಾನೆಯ ಕನ್ನಡದವರು ಸೇರಿ ಒಂದು ಮೆಟಡೋರ್ ಗೊತ್ತುಮಾಡಿ ಗಂಡಿಪೇಟೆಗೆ ಹೋಗುವುದು ರೂಢಿ. ಗುಣವತಿಯ ಗಂಡ ಅಮರೇಶಪ್ಪನಿಗೂ ಪಕ್ಕದ ಮನೆಯ ಹಣಮಂತರಾಯನಿಗೂ ಅದರ ಹುಚ್ಚು. ಮೂಸಿ ನದಿಗೆ ಕಟ್ಟಿದ ಆ ದೊಡ್ಡ ಕೆರೆಯ ಹಿನ್ನೀರಿನ ದಂಡೆಯಲ್ಲಿ ಡೇರೆ ಹೊಡೆದು, ಬೆಸ್ತರ ದೋಣಿ ಹತ್ತಿ ಸುತ್ತಾಡಿ, ಮೈ ಬಿರಿಯುವಷ್ಟು ಈಜಿ, ಒಂದು ರಾತ್ರಿ ಅಲ್ಲೇ ಮಲಗಿ ಬರುವುದು. ಕಟ್ಟೆಯ ಹತ್ತಿರದ ಕಾವಲುಗಾರ ಈ ಸಲವೂ ಅಡ್ಡ ಬಂದ.

“ಈತ ಕೊಟ್ಟಕೂಡದು ಸಾರ್. ತಾಗೇ ನೀಳ್ಳು.”

ಊರು ಕುಡಿಯುವ ನೀರು, ಈಜಬಾರದು ಎಂದು ಅವನು ಹೇಳಿದ್ದಕ್ಕೆ ಹಣಮಂತರಾಯ “ಸರೇ, ಸರೇ” ಎಂದು ವಿನಯದಿಂದ ತಲೆಯಾಡಿಸಿ, ಗಾಡಿಯನ್ನು ಅವನ ಕಣ್ಣು ಹಾಯದ ಕಡೆಗೆ ತಿರುಗಿಸಿದ. ಅಲ್ಲಿ ನೀರು ಹಿಂದಕ್ಕೆ ಸರಿದು ದಂಡೆಯ ಉದ್ದಕ್ಕೂ ಕರಿ ಮಣ್ಣು ಬಿರಿದಿತ್ತು. ಮನೆಗಾತ್ರದ ಬಂಡೆಗಳಿದ್ದವು. ಬಂಡೆಯ ಈಚೆ ಗಂಡಸರು, ಆಚೆ ಹೆಂಗಸರು ಎಂದು ತೀರ್ಮಾನವಾಯಿತು.

ನೀರು ಕಂಡದ್ದೇ ಶರಣಬಸಮ್ಮನ ಮುಖದ ಬಣ್ಣ ಬದಲಾಯಿತು. ಕೃಷ್ಣಾ ದಂಡೆಯ ಊರಿನಲ್ಲಿ, ಒಣಗಿದ ಸೋರೆ ಬುರುಡೆ ನಡುವಿಗೆ ಕಟ್ಟಿಕೊಂಡು ಈಜು ಕಲಿತ ಹುಡುಗಿ ಅವಳು. ಬುರುಡೆ ಬಿಟ್ಟ ಮೇಲೆ ಹೊಳೆಯ ನಡುಗಡ್ಡೆಗೆ ಹೋಗಿ ಕಲ್ಲಂಗಡಿ ಕದ್ದು ಬರುತ್ತಿದ್ದಳಂತೆ. ಮದುವೆಯಾದ ಮೇಲೆ ಅವಳ ನೀರು ಬಚ್ಚಲಿಗೆ ಸೀಮಿತವಾಯಿತು. ಈಗ ಇಳಕಲ್ ಸೀರೆಗೆ ಕಚ್ಚೆ ಹಾಕಿ, ಮೊಣಕಾಲು ನೀರಿನಲ್ಲಿ ನಿಂತು, ಕೊರಳ ಹತ್ತಿರ ಕೈ ಇಟ್ಟುಕೊಂಡು ಒದ್ದಾಡುತ್ತಿದ್ದಳು.

“ಯಾಕ್ರಿ ಅತ್ತೀ, ಥಂಡಿ ಐತೇನು?” ಎಂದಳು ಗುಣವತಿ.

“ಥಂಡಿ ಅಲ್ಲವ್ವ. ದಾರ ಜೀರ್ಣ ಆಗೈತಿ. ಕೈ ಬೀಸಿದ್ರ ಹರೀತೈತಿ ನೋಡು.”

ಗುಣವತಿಯ ಎದೆಗೆ ಸಣ್ಣಗೆ ಚುಚ್ಚಿತು. ಶರಣಬಸಮ್ಮ ನೀರನ್ನು ನೋಡಿದಳು, ದಾರವನ್ನು ಮುಟ್ಟಿ ನೋಡಿದಳು, ಮತ್ತೆ ನೀರನ್ನು ನೋಡಿದಳು. ಕೊನೆಗೆ ಮೆಲ್ಲಗೆ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು ಸೊಸೆಯ ಕೊರಳಿಗೆ ಹಾಕಿದಳು.

“ಕೆಳಗ ಇಡಬ್ಯಾಡ. ಮೈಮ್ಯಾಲೆ ಇರಲಿ. ಮತ್ತ ನಾ ಬರೋತನಕ ನೀ ನೀರಿಗಿಳೀಬ್ಯಾಡ, ಗುಣವ್ವ.”

“ಇಲ್ರಿ, ಇಲ್ಲೇ ಕುಂದಿರ್ತೀನಿ.”

ಮುದುಕಿ ನೀರಿಗೆ ಬಿದ್ದದ್ದೇ ತಡ, ಮೀನು. ಬಂಡೆಯ ಆಚೆಯಿಂದ ಅಮರೇಶಪ್ಪ “ನಮ್ಮವ್ವ ನೋಡ್ರಿ, ನಮ್ಮವ್ವ!” ಎಂದು ಕೂಗುವುದು ಕೇಳಿಸುತ್ತಿತ್ತು.

ಗುಣವತಿ ಕೂತಳು. ಕೂತ ಕಲ್ಲು ಕಾದ ಹಂಚಾಗಿತ್ತು. ಹಣಮಂತರಾಯನ ಹೆಂಡತಿ ಅಂಬುಬಾಯಿ ಕುತ್ತಿಗೆಮಟ ನೀರಿನಲ್ಲಿ ಕೂತು ಕರೆದಳು.

“ಬರ್ರಿ ವೈನಿ, ಏನ್ ಹಪ್ಪಳ ಆಗ್ತೀರೇನು ಅಲ್ಲೇ ಕುಂತು?”

ಪಾದ ಒದ್ದೆಯಾದರೆ ಏನಾಯಿತು ಎಂದು ಗುಣವತಿ ಪಾದ ಇಳಿಸಿದಳು. ಮೊಣಕಾಲಾದರೆ ಏನಾಯಿತು ಎಂದು ಇನ್ನಷ್ಟು ಇಳಿದಳು. ಅಂಬುಬಾಯಿ ಬೊಗಸೆಯಲ್ಲಿ ನೀರೆರಚಿದಳು, ಇವಳೂ ಎರಚಿದಳು. ಮಕ್ಕಳು ಟ್ಯೂಬು ಹಿಡಿದು ಬಂದು ಕಾಲೆಳೆದರು. ಗುಣವತಿ ಕಿರುಚಿ ಮುಳುಗಿ, ಕೆಮ್ಮುತ್ತ ಎದ್ದು, ನಕ್ಕು, ತಾನೇ ಇನ್ನೊಮ್ಮೆ ಮುಳುಗಿದಳು. ಬಹಳ ವರ್ಷಗಳ ಮೇಲೆ ಅಷ್ಟು ನಕ್ಕಿದ್ದಳು, ಅದನ್ನೇಕೆ ಇಲ್ಲವೆನ್ನಬೇಕು. ನಗುತ್ತಲೇ ಸೆರಗು ಸರಿಮಾಡಿಕೊಳ್ಳಲು ಕೊರಳಿಗೆ ಕೈ ಹಾಕಿದಾಗ ಬೆರಳಿಗೆ ಒಂದೇ ದಾರ ಸಿಕ್ಕಿತು. ಅದು ಅವಳದು.

ಗುಣವತಿ ಕಾಲಿನಿಂದ ಕೆಸರು ತಡಕಿದಳು. ಕೂತು ಕೈಯಿಂದ ತಡಕಿದಳು. ಹಿಡಿ ಹಿಡಿ ಕೆಸರು ಬಂತು, ಕಲ್ಲು ಬಂತು, ಯಾರೋ ಕಳೆದ ಬಳೆಯ ಚೂರು ಬಂತು. ಮಕ್ಕಳು ತುಳಿದು ನೀರೆಲ್ಲ ರಾಡಿಯಾಗಿತ್ತು. “ಏನ್ ಹುಡುಕಾಕತ್ತೀರಿ?” ಎಂದಳು ಅಂಬುಬಾಯಿ. “ಕಾಲುಂಗುರ ಜಾರಿತ್ತು, ಸಿಕ್ಕಿತು” ಎಂದುಬಿಟ್ಟಳು. ಬಾಯಿ ತಾನಾಗಿಯೇ ಸುಳ್ಳು ಹೇಳಿತ್ತು. ದೂರದಲ್ಲಿ ಅತ್ತೆ ದಂಡೆಯ ಕಡೆಗೆ ತಿರುಗಿದ್ದಳು.

ಅತ್ತೆ ಹೇಳುತ್ತಿದ್ದ ಒಂದು ಕತೆ ಗುಣವತಿಗೆ ನೆನಪಾಯಿತು. ಊರಿನ ಸೂಗಮ್ಮ ಎಂಬ ಹೆಂಗಸು ಹೊಳೆಯಲ್ಲಿ ಲಿಂಗ ಕಳೆದುಕೊಂಡಳಂತೆ. ಗುರುಗಳು ಬಂದು ಮತ್ತೆ ಲಿಂಗ ಕಟ್ಟುವವರೆಗೆ ತುತ್ತು ಮುಟ್ಟುವುದಿಲ್ಲ, ಹನಿ ಮುಟ್ಟುವುದಿಲ್ಲ ಎಂದು ದಂಡೆಯಲ್ಲೇ ಕೂತಳಂತೆ. ಹೊಳೆಗೆ ಪ್ರವಾಹ ಬಂದು ಗುರುಗಳು ತಡವಾಗಿ ಬಂದಾಗ ಅವಳಿಗೆ ಎದುರಿದ್ದವರ ಗುರುತು ಸಿಗುತ್ತಿರಲಿಲ್ಲವಂತೆ. ಅತ್ತೆ ಇದನ್ನು ಅಭಿಮಾನದಿಂದ ಹೇಳುತ್ತಿದ್ದಳು, ಸೊಸೆ ಆಕಳಿಸುತ್ತ ಕೇಳುತ್ತಿದ್ದಳು. ಈಗ ಅತ್ತೆಗೆ ಬಿಪಿ ಇತ್ತು, ತಲೆಯ ಮೇಲೆ ಮೇ ತಿಂಗಳ ಬಿಸಿಲಿತ್ತು. ವಿಷಯ ತಿಳಿದರೆ ಮುದುಕಿ ಉಳಿಯುವುದಿಲ್ಲ, ಅವಳ ಜೀವ ಉಳಿಸುವುದಕ್ಕೇ ಮುಚ್ಚಿಡುತ್ತಿದ್ದೇನೆ ಎಂದು ಗುಣವತಿ ತನಗೆ ತಾನೇ ಹೇಳಿಕೊಂಡಳು. ಗಂಡ ನಾಲ್ಕು ಜನರ ಮುಂದೆ ಏನೆನ್ನುತ್ತಾನೋ ಎಂಬ ಹೆದರಿಕೆ ಆ ಮಾತಿನ ಬೆನ್ನ ಹಿಂದೆ ಅಡಗಿ ನಿಂತಿತ್ತು.

ಬಂಡೆಯ ಮರೆಗೆ ಹೋಗಿ ತನ್ನ ಕರಡಿಗೆ ತೆಗೆದಳು. ಬೆಳ್ಳಿ ಬಿಸಿಲಿಗೆ ಫಳ್ಳೆಂದಿತು. ಗುಣವತಿ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಅದರ ಹೊಳಪು ಹೋಗುವವರೆಗೆ ತಿಕ್ಕಿದಳು.

“ನಿಮ್ಮ ದಾರ ಹರಿಯೂ ಹಂಗ ಆಗಿತ್ತು. ನನ್ನ ದಾರ ಕಟ್ಟೀನ್ರಿ ಅತ್ತೀ,” ಎಂದು, ದಂಡೆಗೆ ಬಂದ ಅತ್ತೆಗೆ ಮುಖ ನೋಡದೆ ಕೊಟ್ಟಳು.

“ಮತ್ತ ನಿಂದು?”

“ಚೀಲದಾಗ ಇಟ್ಟೀನ್ರಿ.”

ಚೀಲದಲ್ಲಿ ಲಿಂಗ ಇಡುವುದೇ ಒಂದು ಅಪರಾಧ. ಆದರೆ ಶರಣಬಸಮ್ಮನ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖದಲ್ಲಿ ಕಲ್ಲಂಗಡಿ ಕದ್ದ ಹುಡುಗಿಯ ಕಳೆ ಇತ್ತು. “ಬಂಗಾರದಂಥಾ ಸೊಸಿ” ಎಂದು ಗುಣವತಿಯ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಅದರ ಬದಲು ಒಂದು ಏಟು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ಒಣ ಸೀರೆ ಉಟ್ಟು, ಶರಣಬಸಮ್ಮ ಬೇವಿನ ಮರದ ಕೆಳಗೆ ಪೂಜೆಗೆ ಕೂತಳು. ಗುಣವತಿ ಸ್ಟೋವಿನ ಮುಂದೆ ಕೂತಳು, ಕಣ್ಣು ಮಾತ್ರ ಬೇವಿನ ಮರದ ಕೆಳಗಿತ್ತು. ಅತ್ತೆ ಮುಚ್ಚಳ ತೆಗೆದಳು. ಲಿಂಗವನ್ನು ಅಂಗೈಗೆ ಇಳಿಸಿಕೊಂಡಳು. ಕೈ ಅಲ್ಲೇ ನಿಂತಿತು. ಇಲ್ಲಿ ಸಾರು ಉಕ್ಕಿ ಸ್ಟೋವು ಆರಿತು. ಮತ್ತೆ ತಲೆಯೆತ್ತಿ ನೋಡಿದಾಗ ಅತ್ತೆ ನೀರೆರೆಯುತ್ತಿದ್ದಳು. ಅಬ್ಬಾ ಎಂದು ಗುಣವತಿ ಉಸಿರು ಬಿಟ್ಟಳು. ಆವತ್ತಿನ ಪೂಜೆ ಯಾವತ್ತಿಗಿಂತ ದೀರ್ಘವಾಯಿತು.

“ಭಾಳ ನೀರು ಕುಡದೀನಿ ಈಸುವಾಗ, ಹೊಟ್ಟಿ ತುಂಬೈತಿ” ಎಂದು ಶರಣಬಸಮ್ಮ ಮಧ್ಯಾಹ್ನ ಉಣ್ಣಲಿಲ್ಲ. ಗುಣವತಿ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟಳು. ಇಷ್ಟು ವರ್ಷ ಪೂಜೆಯಿಲ್ಲದೆ ಗಡದ್ದಾಗಿ ಉಂಡವಳು ಇವತ್ತು ಬರಿಗೊರಳಲ್ಲಿ ತುತ್ತು ಎತ್ತಲಾರದೆ ಕೂತಳು. ಸಂಜೆ ಎಲ್ಲರೂ ದೋಣಿಯಲ್ಲಿ ಹೋದಾಗ ತಲೆನೋವೆಂದು ಹಿಂದುಳಿದು, ಮತ್ತೆ ಅದೇ ಜಾಗದಲ್ಲಿ ಕೆಸರು ತಡಕಿದಳು. ಉಗುರು ಕಿತ್ತು ಬಂತೇ ಹೊರತು ಕರಡಿಗೆ ಸಿಗಲಿಲ್ಲ. ಹೊತ್ತು ಮುಳುಗಿದ ಮೇಲೆ ಅತ್ತೆ ತಾಟಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿಸಿಕೊಂಡು “ಗಾಳಿಗೆ ಕುಂತು ಉಣ್ತೀನಿ” ಎಂದು ಬಂಡೆಯ ಕಡೆ ಹೋದಳು. ಬರಿದಾದ ತಾಟು ವಾಪಸು ಬಂದಾಗ ಗುಣವತಿ ಕಣ್ಣು ಮುಚ್ಚಿ ಕೈಮುಗಿದಳು. ಯಾವ ದೇವರಿಗೆ ಮುಗಿದಳೋ, ಅವಳ ದೇವರಂತೂ ಅತ್ತೆಯ ಕೊರಳಲ್ಲಿದ್ದ.

ಬೆಳಗಾಗುವ ಹೊತ್ತಿಗೆ ಮುಖ ತೊಳೆಯಲು ಹೋದ ಗುಣವತಿ ಬಂಡೆಯ ಸಂದಿಯಲ್ಲಿ ಇರುವೆ ಸಾಲು ಕಂಡಳು. ಸಾಲಿನ ಕೊನೆಗೆ ಮಡಚಿದ ರೊಟ್ಟಿಗಳಿದ್ದವು, ಒಂದು ಚೂರೂ ಮುರಿದಿರಲಿಲ್ಲ. ಹಿಂಡಿ, ಪಲ್ಯ ಹಾಗೇ ಇತ್ತು. ಮುಖ ತೊಳೆಯುವುದನ್ನು ಬಿಟ್ಟು ಅತ್ತೆಯನ್ನು ಹುಡುಕಿಕೊಂಡು ಹೋದಳು.

ಶರಣಬಸಮ್ಮ ನೀರಿನ ಅಂಚಿನಲ್ಲಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ಅತ್ತೀ, ನೀವು ಉಂಡಿಲ್ಲ.”

“ಬಾ. ಕುಂದ್ರು. ಎಡಗೈ ಚಾಚು.”

ಗುಣವತಿ ಚಾಚಿದಳು. ಶರಣಬಸಮ್ಮ ಕೊರಳಿಂದ ಕರಡಿಗೆ ತೆಗೆದು, ಲಿಂಗವನ್ನು ಸೊಸೆಯ ಅಂಗೈಯಲ್ಲಿಟ್ಟಳು.

“ಇದು ನಿಂದು.”

“ಗೊತ್ತಾತೇನ್ರಿ?”

“ಹುಟ್ಟಿದಾಗಿಂದ ನನ್ನ ಜೋಡಿ ಇದ್ದದ್ದು, ಗೊತ್ತಾಗದ ಏನು? ನಿಂದು ಒಣಗಿ ಬಿರುಕು ಬಿಟ್ಟೈತಿ ನೋಡು. ಎಷ್ಟು ದಿನದ ಮ್ಯಾಲೆ ನೀರು ಕಂಡಿತ್ತೋ ಪಾಪ.”

“ಮತ್ತ ಪೂಜಾ ಯಾಕ ಮಾಡಿದ್ರಿ?”

“ಅದೇನು ತಪ್ಪು ಮಾಡೈತಿ? ಕೈಗೆ ಬಂತು, ನೀರೆರೆದೆ.”

ಗುಣವತಿ ಎಲ್ಲ ಹೇಳಿದಳು. ತರದ ದಾರ, ಇಳಿದ ನೀರು, ಮುಳುಗಿ ನಕ್ಕಿದ್ದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಅಳುತ್ತಿದ್ದಳು, ಅಂಗೈಯಲ್ಲಿ ಲಿಂಗವಿದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

“ಬೈರಿ ಅತ್ತೀ. ಒಂದು ಮಾತರೆ ಬೈರಿ.”

“ಏನಂತ ಬೈಲಿ? ಈಸೂ ಆಸೆಗೆ ಬಿಚ್ಚಿ ಕೊಟ್ಟಾಕಿ ನಾನು. ನನ್ನ ಕೊರಳಾಗಿದ್ದದ್ದು ನಾನೇ ತಗದೆ.” ಶರಣಬಸಮ್ಮ ನೀರಿನ ಕಡೆ ನೋಡುತ್ತಲೇ ಇದ್ದಳು. “ಸಿಟ್ಟಿಲ್ಲ ಅಂತಲ್ಲ. ಕಳದದ್ದು ಕೈತಪ್ಪು ಆತು. ಕರಡಗಿಗೆ ಮಣ್ಣು ತಿಕ್ಕಿದ್ಯಲ್ಲ ಗುಣವ್ವ, ಅದು ಕೈತಪ್ಪಲ್ಲ. ಉಗುರಿನ್ಯಾಗ ನಿನ್ನೆ ನೋಡಿದೆ.”

ಗುಣವತಿ ಬಲಗೈ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

“ಅಮರೇಶಗ ಹೇಳಬ್ಯಾಡ,” ಎಂದಳು ಅತ್ತೆ. “ಮಂದ್ಯಾಗ ನಿನ್ನ ಮಾನ ಕಳೀತಾನ. ಹೋಗೂ ದಾರ್ಯಾಗ ಮಠಕ್ಕ ಇಳಸಂತ ಹೇಳ್ತೀನಿ. ಈಸುವಾಗ ಕಳಕೊಂಡೆ ಅಂತ ಸ್ವಾಮಿಗೋಳ ಮುಂದ ನಾನೇ ಅಂತೀನಿ.”

ಆ ಮಾತು ಕೇಳಿ ಗುಣವತಿಗೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಮರುಗಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬೇಡ, ನಾನೇ ಹೇಳುತ್ತೇನೆ ಎನ್ನಲಿಲ್ಲ.

“ಅಲ್ಲೀತನಕ ಒಂದೀಟು ನೀರರೆ ಕುಡೀರಿ. ಸೂಗಮ್ಮನ ಹಂಗ...”

“ಸೂಗಮ್ಮಗ ಬುದ್ಧಿ ಸಾಲಲಿಲ್ಲ. ರಾತ್ರಿಯೆಲ್ಲಾ ಅದನ್ನ ವಿಚಾರ ಮಾಡಿದೆ.” ಶರಣಬಸಮ್ಮ ಬಗ್ಗಿ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದಳು. “ನನ್ನ ಲಿಂಗ ಇದರಾಗ ಐತಿ. ದಿನಾ ಲಿಂಗಕ್ಕ ಎರೆದ ನೀರು ಕುಡಿಯಾಕಿ ನಾನು. ಇದೂ ಅದೇ ನೀರು.” ಕಣ್ಣಿಗೊತ್ತಿಕೊಂಡು ಕುಡಿದಳು. “ಮಠ ಮುಟ್ಟೂತನಕ ಬ್ಯಾರೆ ನೀರು ಕುಡಿಯೂದಿಲ್ಲ. ಅನ್ನ ಅಂತೂ ಇಲ್ಲ. ಸಣ್ಣ ಬಿಂದಿಗಿ ತುಂಬ್ಕೊ.”

ಗುಣವತಿ ತನ್ನ ಲಿಂಗಕ್ಕೆ ನೀರೆರೆದು ಕೊರಳಿಗೆ ಹಾಕಿಕೊಂಡಳು. ಆಮೇಲೆ ಕೆಸರು ಕದಡದ ಕಡೆಗೆ ಸೊಂಟದವರೆಗೆ ಇಳಿದು, ಸ್ಟೀಲ್ ಬಿಂದಿಗೆ ತುಂಬಿಸಿಕೊಂಡು ಬಂದಳು.

ಹೊರಡುವುದೇ ತಡವಾಯಿತು. ಡೇರೆ ಬಿಚ್ಚುವಷ್ಟರಲ್ಲಿ ಗಂಡಸರಿಗೆ ಇನ್ನೊಂದು ಸುತ್ತು ದೋಣಿ, ಇನ್ನೊಂದು ಸಲ ಈಜು. ಸೂರ್ಯ ನೆತ್ತಿಗೆ ಬಂದ ಮೇಲೆ ಮೆಟಡೋರ್ ಹೊರಟಿತು. ಶರಣಬಸಮ್ಮ ಕಿಟಕಿಗೆ ತಲೆಯಾನಿಸಿ ಕೂತಳು, ಪಕ್ಕದಲ್ಲಿ ಗುಣವತಿ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಕುಲುಕಿದಾಗಲೆಲ್ಲ ಅದರ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು.

“ಮನ್ಯಾಗ ನಳ ಇಲ್ಲೇನು? ಗಂಡಿಪೇಟೆ ನೀರು ಹೊತ್ಕೊಂಡು ಹೊಂಟಾಳ ನೋಡ್ರಿ” ಎಂದು ಅಮರೇಶಪ್ಪ ಹಾಸ್ಯ ಮಾಡಿದ. ಎಲ್ಲರೂ ನಕ್ಕರು. ಗುಣವತಿಯೂ ನಕ್ಕಂತೆ ಮಾಡಿದಳು.

ನಾರ್ಸಿಂಗಿ ದಾಟಿ ಒಂದಿಷ್ಟು ದೂರ ಬರುವುದರಲ್ಲಿ ಗಾಡಿಯ ಮುಂದೆ ಬುಸ್ಸೆಂದು ಹಬೆ ಎದ್ದಿತು. ಡ್ರೈವರ್ ಇಳಿದು, ರೇಡಿಯೇಟರಿನ ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ತಿರುಗಿಸಿ, ಹಬೆ ತಗ್ಗುವವರೆಗೆ ದೂರ ನಿಂತ.

“ಪಾನೀ ಹೋನಾ ಸಾಬ್. ಥೋಡಾ ಭೀ ಚಲ್ತಾ.”

ಸ್ವಲ್ಪವಾದರೂ ನೀರು ಬೇಕಿತ್ತು, ಆದರೆ ಕುಡಿಯಲು ತಂದ ಹೂಜಿಗಳು ಬರಿದಾಗಿದ್ದವು. ರಸ್ತೆಯ ಎರಡೂ ಕಡೆ ಬಂಡೆ, ಈಚಲು ಗಿಡ, ಮತ್ತೆ ಬಂಡೆ. ಗಾಡಿಯೊಳಗೆ ಮಕ್ಕಳು ಬೆಂದು ಅಳತೊಡಗಿದವು. ಶರಣಬಸಮ್ಮನ ಕಣ್ಣು ಅರ್ಧ ಮುಚ್ಚಿತ್ತು.

“ಐತಲ್ಲ ಇಲ್ಲಿ!” ಎಂದು ಅಮರೇಶಪ್ಪ ಬಿಂದಿಗೆಗೆ ಕೈ ಹಾಕಿದ. “ಅಂತೂ ನಿನ್ನ ಹುಚ್ಚು ಉಪಯೋಗಕ್ಕ ಬಂತು. ಕೊಡು.”

ಗುಣವತಿ ಬಿಡಲಿಲ್ಲ. ಅವನು ಎಳೆದ, ಇವಳೂ ಎಳೆದಳು, ನೀರು ತುಳುಕಿ ಇಬ್ಬರ ಮೈಮೇಲೂ ಚೆಲ್ಲಿತು.

“ಏ, ತಲಿ ಕೆಟ್ಟೈತೇನು? ಮಕ್ಕಳು ಒದ್ದಾಡಾಕತ್ತಾವ!”

ಶರಣಬಸಮ್ಮ ಕಣ್ಣು ತೆರೆದು ಸೊಸೆಯ ಮೊಣಕೈ ಹಿಡಿದಳು. ಸುಮ್ಮನಿರು ಎಂಬಂತೆ ಹಿಡಿದಿದ್ದಳು. ಆ ಕೈ ಕಾದಿತ್ತು. ಸುಮ್ಮನಿದ್ದರೆ ಸಾಕಿತ್ತು. ನೀರು ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು.

“ಇದು ಅತ್ತೀ ನೀರು,” ಎಂದಳು ಗುಣವತಿ. ದನಿ ತನಗೇ ಪರಕೀಯವಾಗಿ ಕೇಳಿಸಿತು. “ನಿನ್ನೆಯಿಂದ ಅವರು ತುತ್ತು ಮುಟ್ಟಿಲ್ರಿ. ಅವರ ಲಿಂಗ ನಾನು ನೀರಾಗ ಕಳದೀನಿ. ಇಳೀಬ್ಯಾಡ ಅಂದಿದ್ರು, ಇಳಿದೆ. ಕಳದದ್ದು ಮುಚ್ಚಾಕ ನನ್ನ ಲಿಂಗ ಅವರ ಕೊರಳಿಗೆ ಹಾಕಿದೆ. ಕರಡಗಿಗೆ ಮಣ್ಣು ತಿಕ್ಕಿ ಹಾಕಿದೆ.”

ಮಕ್ಕಳೂ ಅಳು ನಿಲ್ಲಿಸಿದವು. ಅಂಬುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮರೇಶಪ್ಪ ಬಿಂದಿಗೆಯಿಂದ ಕೈ ತೆಗೆದ. ಹೆಂಡತಿಯನ್ನು ನೋಡಿದ, ತಾಯಿಯ ಒಣಗಿದ ತುಟಿ ನೋಡಿದ. ಅವನ ಕೈ ಮೇಲೆದ್ದಿತು. ಹೊಡೆಯಲೆಂದೋ ಹಣೆ ಚಚ್ಚಿಕೊಳ್ಳಲೆಂದೋ, ಅವನಿಗೂ ಗೊತ್ತಿರಲಿಲ್ಲವೇನೋ. ಹಾಗೇ ನಿಂತಿತು.

“ಕೈ ಇಳಸೋ,” ಎಂದಳು ಶರಣಬಸಮ್ಮ. “ಆಕೀ ಹೇಳೂದು ಹೇಳಿದಳು. ಇನ್ನ ನಿಂದೇನೈತಿ ನಡುವ?”

ಅವಳು ಬಿಂದಿಗೆಯನ್ನು ತನ್ನ ತೊಡೆಗೆ ಎಳೆದುಕೊಂಡು, ಬೊಗಸೆ ತುಂಬ ನೀರು ತೆಗೆದು ಕಣ್ಣಿಗೊತ್ತಿ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು. ಆಮೇಲೆ ಕಿಟಕಿಯಿಂದ ಬಿಂದಿಗೆಯನ್ನು ಹೊರಗೆ ಚಾಚಿದಳು.

“ತಗೋಪಾ, ಹಾಕು.”

“ಬ್ಯಾಡ್ರಿ ಅತ್ತೀ!” ಗುಣವತಿ ಬಿಂದಿಗೆಯ ಕಂಠ ಹಿಡಿದಳು. “ಮಠ ಇನ್ನೂ ದೂರ ಐತಿ. ಬ್ಯಾರೆ ನೀರು ನೀವು ಕುಡಿಯೂದಿಲ್ಲ.”

“ಕೂಸುಗೋಳು ಬಿಸಿಲಾಗ ಬೇಯಾಕತ್ತಾವ. ಬಿಡು.”

ಗುಣವತಿ ಬಿಟ್ಟಳು. ನೀರು ಬಿದ್ದೊಡನೆ ಎಂಜಿನ್ನು ಚುರ್ರೆಂದಿತು, ಹಬೆ ಗಾಡಿಯನ್ನೆಲ್ಲ ಮುಸುಕಿತು. ಡ್ರೈವರ್ ಬರಿದಾದ ಬಿಂದಿಗೆಯನ್ನು ಒಳಗೆ ಕೊಟ್ಟು, ಗಾಡಿ ಚಾಲೂ ಮಾಡಿದ. ಗುಣವತಿ ಅದನ್ನೇ ಅವುಚಿಕೊಂಡು, ಅತ್ತೆ ಈಗಾದರೂ ಬೈಯಲಿ ಎಂದು ಕಾಯುತ್ತ ತಲೆ ತಗ್ಗಿಸಿ ಕೂತಳು.

ಗಾಡಿ ತಿರುವು ದಾಟಿದ ಮೇಲೆ ಶರಣಬಸಮ್ಮ ತನ್ನ ತಲೆಯನ್ನು ಕಿಟಕಿಯಿಂದ ತೆಗೆದು ಸೊಸೆಯ ಹೆಗಲಿಗೆ ಇಟ್ಟಳು.

“ಮಠಕ್ಕ ಲಗೂನ ಹೊಡಿ ಅನ್ನು ಅವಗ,” ಎಂದಳು. “ನನಗ ಭಾಳ ಹಸಿವ್ಯಾಗೈತಿ, ಗುಣವ್ವ.”